ನಡುವಿನ ಹಳದಿ ಚೌಕ

ಅಕ್ಕ ತೀರಿಕೊಂಡ ಮೇಲೆ ಅವಳ ಸೀರೆಗಳನ್ನು ಚೌಕ ಚೌಕವಾಗಿ ಕತ್ತರಿಸಿ, ಅವಳ ಮಗಳಿಗೊಂದು ಕೌದಿ ಹೊಲಿಯಲು ಹೊರಟಳು ತಂಗಿ. ಹೊಲಿಗೆಯೇ ಅವಳ ಕಸುಬು, ಕಲಿಸಿದವಳೂ ಅಕ್ಕನೇ. ತಂಗಿಯ ಕೈ ಬಲು ಚುರುಕು, ನೆನಪು ಮಾತ್ರ ತೂತು ಬಿದ್ದ ಜೇಬು. ಅದಕ್ಕೇ ಚೌಕಗಳನ್ನೆಲ್ಲ ಮಂಚದ ಮೇಲೆ ಹರಡಿ, ಬಣ್ಣಕ್ಕೆ ಬಣ್ಣ ಹೊಂದಿಸಿ ನೋಡಿ, ಆಮೇಲೆ ಒಂದೊಂದು ಸಾಲನ್ನೂ ಬೇರೆ ಬೇರೆಯಾಗಿ ಪೇರಿಸಿ, ಮೇಲಿನ ತುಂಡಿಗೆ ಸಾಲಿನ ಅಂಕಿ ಬರೆದ ಚೀಟಿಯನ್ನು ಪಿನ್ನಿನಿಂದ ಚುಚ್ಚಿಟ್ಟಿದ್ದಳು. ಒಂದು ಚೌಕ ಹಿಂದುಮುಂದಾದರೂ ಇಡೀ ಕೌದಿ ಎಕ್ಕುಟ್ಟಿಹೋಗುತ್ತದೆ.

ಅಷ್ಟೂ ತುಂಡುಗಳು ಅಕ್ಕನ ಸೀರೆಯವು, ಒಂದನ್ನು ಬಿಟ್ಟು. ಯಾರೂ ಕೇಳದಿದ್ದರೂ ತನ್ನದೇ ಹಳದಿ ಸೀರೆಯ ಒಂದು ಚೌಕವನ್ನು ನಟ್ಟನಡುವೆ ಸೇರಿಸಿಕೊಂಡಿದ್ದಳು ಮಹರಾಯಿತಿ. ಮಗುವಿಗೆ ತಲೆ ಬಾಚುವವಳು, ಉಣ್ಣಿಸುವವಳು, ಸ್ಕೂಲಿಗೆ ಕಳಿಸುವವಳು ಈಗ ಅವಳೇ. ಆದರೂ ಮಲಗುವ ಹೊತ್ತಿಗೆ ಅದು ಹುಡುಕುತ್ತಿದ್ದುದು ಅಮ್ಮನನ್ನು. ಕೌದಿಯಲ್ಲಾದರೂ ತನಗೊಂದು ಗೇಣು ಜಾಗ ಬೇಕೆಂದು ಅವಳ ಹೊಟ್ಟೆ ಉರಿಯುತ್ತಿತ್ತು.

ಮಗು ಸ್ಕೂಲಿಗೆ, ಭಾವ ಕೆಲಸಕ್ಕೆ ಹೋದರು. ಬಾಗಿಲಿಗೆ ಚಿಲಕ ಹಾಕಿ ಮಿಷನ್ ಮುಂದೆ ಕೂತಳು. ನಡುಸಾಲು ಬಿಚ್ಚಿದರೆ ಹಳದಿ ಇಲ್ಲ! ಕೊನೆಯ ಸಾಲಿನಲ್ಲಿ, ಕಾಲು ಬರುವ ಕಡೆ ಕೂತಿದೆ. ತನ್ನ ಮರೆವಿಗೆ ತಾನೇ ಬೈದುಕೊಂಡು ಅದನ್ನು ಮತ್ತೆ ನಡುವೆ ಇಟ್ಟಳು. ಅಡುಗೆಮನೆಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಹಳದಿ ಪುನಃ ಕಾಲ ಕಡೆ. ಈ ಸಲ ಆ ಸಾಲಿನ ಪಿನ್ನು ಓರೆಯಾಗಿ ಚುಚ್ಚಿಕೊಂಡಿತ್ತು. ಹಾಗೆ ಓರೆಯಾಗಿ ಚುಚ್ಚುತ್ತಿದ್ದವಳು ಅಕ್ಕ ಒಬ್ಬಳೇ.

ಎರಡು ಹೆಜ್ಜೆ ಹಿಂದೆ ಸರಿದಳು. ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು. ದೆವ್ವವಾದರೇನು, ಅಕ್ಕ ಅಕ್ಕನೇ ತಾನೆ!

"ಸತ್ತ ಮೇಲೂ ನನ್ನನ್ನ ಕಾಲ ಕಡೇಗೇ ತಳ್ತೀಯಲ್ಲೇ ಅಕ್ಕ! ಹೊಸ ಬಟ್ಟೆ ನಿಂಗೆ, ಹಳೇದು ನಂಗೆ ಅಂತ ಇದ್ದಿದ್ದು ಸಾಲ್ದಾ? ಮಗು ಬೆಚ್ಚಿಬಿದ್ದು ಅತ್ರೆ ಎತ್ಕೊಳ್ಳೋಕೆ ನಿನ್ ಕೈಲಿ ಆಗುತ್ತಾ? ಆಗಲ್ಲ ಅಲ್ವಾ? ಹಾಗಾದ್ರೆ ಜಾಗ ಬಿಡು, ಹೋಗು!"

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಮಿಷನ್ನಿನ ಗಾಲಿ ತಾನಾಗಿ ಅರ್ಧ ಸುತ್ತು ತಿರುಗಿ ನಿಂತಿತು. ಎದ್ದೆನೋ ಬಿದ್ದೆನೋ ಎಂದು ಹಿತ್ತಲಿಗೆ ಓಡಿ, ಎದೆಬಡಿತ ಇಳಿಯುವವರೆಗೂ ಬಿಸಿಲಲ್ಲೇ ನಿಂತಳು.

ಒಳಗೆ ಬಂದು ನೋಡಿದರೆ ಮಂಚದ ನಡುವೆ ಹಳದಿ ಚೌಕ ನೀಟಾಗಿ ಕೂತಿತ್ತು. ಅದೊಂದೇ. ಉಳಿದವುಗಳಲ್ಲಿ ಒಂದು ಚೌಕವೂ ಇರಲಿಲ್ಲ. ಮಂಚದಡಿ ಹುಡುಕಿದಳು, ಮಿಷನ್ನಿನ ಖಾನೆ ಎಳೆದಳು, ಚಿಂದಿಯ ಬುಟ್ಟಿಯನ್ನು ಬೋರಲು ಹಾಕಿದಳು. ಅಕ್ಕನ ಸೀರೆಯ ಒಂದು ಎಳೆಯೂ ಸಿಗಲಿಲ್ಲ. ಬೀರು ತೆಗೆದರೆ ಇಷ್ಟು ದಿನ ಮೂಗಿಗೆ ಬಡಿಯುತ್ತಿದ್ದ ಅವಳ ಪೌಡರಿನ ವಾಸನೆಯೂ ಮಾಯ. ಮನೆ ಮೊದಲ ಸಲ ನಿಜಕ್ಕೂ ಬಿಕೋ ಎನ್ನುತ್ತಿತ್ತು.

"ಬಾಯಿತಪ್ಪಿ ಅಂದೆ ಕಣೇ. ನಾನು ಕಾಲ ಕಡೇನೇ ಇರ್ತೀನಿ, ಬಾರೇ ಅಕ್ಕ," ಎಂದು ಅಳುತ್ತಾ ಹಳದಿ ತುಂಡನ್ನು ಮಂಚದ ತುದಿಗೆ ತಂದಿಟ್ಟಳು. ಕಾದಳು. ಯಾರೂ ಅದನ್ನು ಮುಟ್ಟಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. "ಚಿಕ್ಕಮ್ಮ, ಬಾಗಿಲು ತೆಗಿ! ಅಮ್ಮನ ಕೌದಿ ಎಷ್ಟಾಯ್ತು, ತೋರ್ಸು!"