ಗೆರೆ ಅಳಿದ ಹೆಬ್ಬೆರಳು

‘ಅಮ್ಮ ಎಲ್ಲರೆದುರು ನನ್ನನ್ನು ಪುಟ್ಟಿ ಅಂದುಬಿಟ್ಟರೆ?’ ಎಂದು ಡೈರಿಯಲ್ಲಿ ಬರೆದು, ಆ ಸಾಲು ತನಗೇ ಕಾಣದಂತೆ ಗೀಚಿ ಹಾಕಿದ್ದಳು. ಜ್ಯೂಸ್ ಕಾರ್ಖಾನೆಯ ಆಫೀಸಿನಲ್ಲಿ ಹಾಜರಿ ನೋಡಿಕೊಳ್ಳುವ ಪದವೀಧರೆ ಅವಳು. ಅನಾನಸ್ ಸುಲಿಯುವವರಲ್ಲಿ ಒಬ್ಬಾಕೆ ತನ್ನ ತಾಯಿ ಎಂಬುದನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು. ಗೇಟು ಕಾಣುತ್ತಲೇ ಅಮ್ಮ ತಾನಾಗಿಯೇ ಹಿಂದುಳಿಯುತ್ತಿದ್ದಳು.

ಡಬ್ಬಿಯ ಸಕ್ಕರೆ ಜ್ಯೂಸ್ ಈಗ ಕೇಳುವವರಿಲ್ಲ. ಸಕ್ಕರೆ ಇರಬಾರದು, ಅವತ್ತೇ ಹಿಂಡಿರಬೇಕು, ರಸದಲ್ಲಿ ಒಂದೇ ಒಂದು ಕಪ್ಪು ಚುಕ್ಕೆ ಕಾಣಬಾರದು. ಹಣ್ಣಿನ ಕಪ್ಪು ಕಣ್ಣುಗಳನ್ನು ಹಾಗೇ ಬಿಡುತ್ತಿದ್ದ ಸುಲಿಯುವ ಯಂತ್ರ ಟಾರ್ಪಾಲಿನಡಿ ಮಲಗಿತು. ಅದರ ಕೆಲಸವೆಲ್ಲ ಹನ್ನೊಂದು ಹೆಂಗಸರ ಕೈಗೆ ಬಂತು. ಬಾಟಲಿಯ ಮೇಲೆ ‘ಕೈಯಲ್ಲೇ ಸುಲಿದ ಹಣ್ಣು’ ಎಂಬ ಸಾಲು ಬರೆದುಕೊಟ್ಟವಳೂ ಮಗಳೇ. ಮ್ಯಾನೇಜರ್ ಭೇಷ್ ಎಂದಿದ್ದರು.

ಇವತ್ತು ಹಾಜರಿ ಮಿಷನ್ನು ಅಮ್ಮನ ಹೆಬ್ಬೆರಳನ್ನು ನಾಲ್ಕನೇ ಸಲ ಒಲ್ಲೆ ಎಂದಿತು. ಹುಳಿ ರಸ ಬೆರಳಿನ ಗೆರೆಗಳನ್ನೆಲ್ಲ ತಿಂದುಹಾಕಿತ್ತು.

“ಏ ಮುದುಕಿ, ಎಷ್ಟು ಸಲ ಉಜ್ತೀಯಾ? ಆಚೆ ನಡಿ. ನಾಳೆಯಿಂದ ಬರೋದೂ ಬೇಡ. ಬೆರಳಿರೋರು ಬೇಕಾದಷ್ಟು ಜನ ಸಿಗ್ತಾರೆ,” ಎಂದರು ಮ್ಯಾನೇಜರ್.

ಹಿಂದೆ ನಿಂತಿದ್ದ ಗಟ್ಟಿಬಾಯಿಯ ಹೆಂಗಸು ಸುಮ್ಮನಿರಲಿಲ್ಲ. “ಅವಳ ಬೆರಳು ನಿಮ್ ಬಾಟ್ಲೀಲೇ ಇತ್ತು ಸಾರ್. ಯಾರೋ ಕುಡಿದ್ಬಿಟ್ಟಿರ್ತಾರೆ.”

ಸಾಲಿನಲ್ಲಿ ನಗು ಹರಿದಾಡಿತು.

“ಬಾಯ್ಮುಚ್ಚೇ, ಮುಂಡೆ. ಮಿಷನ್ನು ಸುಳ್ಳು ಹೇಳುತ್ತಾ?” ಅವರು ಮಗಳ ಮೇಜಿನತ್ತ ತಿರುಗಿದರು. “ಮೇಡಂ, ನೀವು ಗೈರು ಅಂತ ಬರ್ಕೊಳಿ.”

ಅಮ್ಮ ಮಗಳ ಮುಖ ನೋಡಲಿಲ್ಲ. ಹೆಬ್ಬೆರಳನ್ನು ಬಟ್ಟೆಗೆ ಒರೆಸಿಕೊಳ್ಳುತ್ತ, “ಇನ್ನೊಂದ್ಸಲ ಒತ್ಲಾ, ಮೇಡಂ?” ಎಂದಳು.

ಪುಟ್ಟಿ ಎನ್ನಲಿಲ್ಲ. ಬೆಳಿಗ್ಗೆ ಅದೇ ಕೈ ಮಗಳ ಜಡೆ ಹೆಣೆಯುವಾಗ ಬೆರಳಿನ ಬಿರುಕಿಗೆ ಕೂದಲು ಸಿಕ್ಕಿತ್ತು. ‘ಥೂ, ನಿಧಾನ’ ಎಂದು ಇವಳು ಸಿಡುಕಿದ್ದಳು.

ಪೆನ್ನು ‘ಗೈ’ ತನಕ ಹೋಗಿ ನಿಂತಿತು.

“ಏನ್ ಮೇಡಂ, ಓದಿದ್ದೆಲ್ಲ ಮರ್ತೋಯ್ತಾ?”

ಅವಳು ಪೆನ್ನಿಗೆ ಮುಚ್ಚಳ ಹಾಕಿ ಎದ್ದು ನಿಂತಳು. ಅಮ್ಮ ಬೇಡ ಎನ್ನುವಂತೆ ತಲೆ ಅಲ್ಲಾಡಿಸಿದಳು.

“ಬಂದಿದ್ದಾರೆ ಸಾರ್. ನನ್ ಜೊತೇಲೇ, ಒಂದೇ ಬಸ್ಸಲ್ಲಿ. ಇವ್ರು ನಮ್ಮಮ್ಮ.”