ಉಳಿದ ಆಲೂಗಡ್ಡಿಯ ತಾಲಿಪಟ್ಟಿ

ಮೈಲಾರವ್ವನ ಗಂಟಲಲ್ಲಿ ಗಂಟು ಎದ್ದಿದ್ದು ಎಂಬತ್ನಾಲ್ಕನೇ ಇಸವಿಯ ಚಳಿಗಾಲದಲ್ಲಿ. ನಲವತ್ತು ವರ್ಷ ದವಡೆಯಲ್ಲಿ ತಂಬಾಕು ಇಟ್ಟುಕೊಂಡೇ ಬಾಳಿದ ಮುದುಕಿ. ಹುಬ್ಬಳ್ಳಿಯ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಮಗ ಭರಮಪ್ಪನನ್ನು ಹೊರಗೆ ಕರೆದರು.

"ಕೊಯ್ಯೂ ಹೊತ್ತು ದಾಟೇತಿ. ಮೆತ್ತಗಂದು ಏನರ ತಿನ್ನಸ್ಕೋತ ಇರ್ರಿ."

ಭರಮಪ್ಪ ತಾಯಿಯನ್ನು ಕುಂದಗೋಳದ ಬಸ್ಸಿಗೆ ಹತ್ತಿಸಿ ಊರಿಗೆ ಕರೆತಂದ. ನಾಲ್ಕು ದಿನ ಮನೆಯಲ್ಲಿ ಕೂತಿದ್ದು, ಕುರಿ ಹೊಡೆದುಕೊಂಡು ಕಲಘಟಗಿ ಕಡೆ ಹೋದ. ಆ ವರ್ಷ ಮೇವು ಇದ್ದದ್ದು ಆ ಕಡೆಯೇ. ಮನೆಯಲ್ಲಿ ಉಳಿದವರು ಅತ್ತೆ ಮತ್ತು ಸೊಸೆ ಕೆಂಚವ್ವ.

ಗಂಜಿ ಕುಡಿಸಿದರೆ ಮೂಗಿಗೆ ಏರುತ್ತಿತ್ತು. ಒಳಗೆ ಇಳಿಯುತ್ತಿದ್ದುದು ಒಂದೇ, ಕುದಿಸಿದ ಆಲೂಗಡ್ಡೆಗೆ ಹಾಲು ಹಾಕಿ ನುಣ್ಣಗೆ ಕಿವುಚಿದ್ದು. ಮೊದಮೊದಲು ನಾಲ್ಕು ಗಡ್ಡೆಯದು ತಿನ್ನುತ್ತಿದ್ದಳು. ಸಂಕ್ರಾಂತಿ ಹೊತ್ತಿಗೆ ಎರಡಕ್ಕೆ ಬಂತು, ಆಮೇಲೆ ನಾಲ್ಕೇ ತುತ್ತು. ಬೋಗುಣಿಯಲ್ಲಿ ಉಳಿಯುವುದು ದಿನದಿನಕ್ಕೆ ಹೆಚ್ಚಾಯಿತು.

ಚೆಲ್ಲಲು ಕೆಂಚವ್ವನಿಗೆ ಮನಸ್ಸಾಗಲಿಲ್ಲ. ಜೋಳದ ಹಿಟ್ಟು, ಹಸಿಖಾರ, ಹೆಚ್ಚಿದ ಉಳ್ಳಾಗಡ್ಡಿ ಕೂಡಿಸಿ ನಾದಿದಳು. ಒದ್ದೆ ಬಟ್ಟೆಯ ಮೇಲೆ ತಟ್ಟಿ ಹಂಚಿಗೆ ಹಾಕಿ, ಸುತ್ತಲೂ ಎಣ್ಣೆ ಬಿಟ್ಟಳು. ಈ ಮನೆಗೆ ಬಂದ ಹನ್ನೆರಡು ವರ್ಷವೂ ಅತ್ತೆ ಮುಂದಿಟ್ಟ ಎರಡು ರೊಟ್ಟಿಗೆ ಸುಮ್ಮನಿದ್ದವಳು ಅವಳು. ಎಣ್ಣೆಯ ಗಿಂಡಿ ತಾನೇ ಹಿಡಿದದ್ದು ಇದೇ ಮೊದಲು. ಬಿಸಿಬಿಸಿ ತಾಲಿಪಟ್ಟಿಯ ಅಂಚು ಮುರಿದು ತಿಂದಳು, ಇನ್ನೊಂದು ತಟ್ಟಿದಳು. ಎಂಟು ದಿನದೊಳಗೆ, ಅತ್ತೆ ತಿನ್ನಲಾರಳೆಂದು ಗೊತ್ತಿದ್ದೂ ಐದಾರು ಗಡ್ಡೆ ಕುದಿಯಲು ಇಡತೊಡಗಿದಳು. ಯಾಕೆಂದು ಅವಳಿಗೆ ಗೊತ್ತಿತ್ತು. ನಾಚಿಕೆಯೂ ಆಗುತ್ತಿತ್ತು, ಹಸಿವೂ ಆಗುತ್ತಿತ್ತು.

ಒಂದು ಮುಂಜಾನೆ ಹಾಸಿಗೆಯಿಂದ ಅತ್ತೆಯ ದನಿ ಬಂತು.

"ಏನ ಬೇಯ್ಸಾಕತ್ತೀ?"

"ನೀವು ಬಿಟ್ಟದ್ದರಿ. ತಾಲಿಪಟ್ಟಿ ಮಾಡೇನ್ರಿ."

"ತಾ ಇಲ್ಲಿ."

"ಗಟ್ಟಿ ಆಕ್ಕತಿ ಅತ್ತಿ. ಡಾಕ್ಟರು ಬ್ಯಾಡಂದಾರ್ರಿ."

"ನುಂಗಂಗಿಲ್ಲ. ಬಾಯಾಗ ಇಟ್ಕೋತೀನಿ."

ಕೆಂಚವ್ವ ಚೂರು ಮುರಿದು ಕೊಟ್ಟಳು. ಮುದುಕಿ ಕಣ್ಣು ಮುಚ್ಚಿ ಬಹಳ ಹೊತ್ತು ಚೀಪಿದಳು. ಆಮೇಲೆ ಅಂಗೈಗೆ ಉಗುಳಿ, "ಖಾರ ಕಡಿಮಿ ಹಾಕೀದಿ" ಅಂದಳು. ಮರುದಿನ ಕೆಂಚವ್ವ ಖಾರ ಹೆಚ್ಚು ಹಾಕಿದಳು. ಹಂಚು ಬಿಸಿಯಾಗುತ್ತಲೇ ಅತ್ತೆ ಕೈ ಚಾಚುವುದು ರೂಢಿಯಾಯಿತು.

"ನಾ ಎರಡ ರೊಟ್ಟಿ ಇಡತಿದ್ದಾಗ ನಿನಗ ಹೊಟ್ಟಿ ತುಂಬತಿತ್ತೇನ?" ಎಂದು ಒಮ್ಮೆ ಕೇಳಿದಳು.

"ಇಲ್ಲರಿ."

"ಗೊತ್ತಿತ್ತು ನನಗ."

ಕೆಂಚವ್ವ ಹಂಚಿನ ಮೇಲಿನ ತಾಲಿಪಟ್ಟಿ ಮಗುಚಿದಳು.

ಹದಿನೈದು ದಿನ ಹೀಗೇ ನಡೆಯಿತು. ಆಮೇಲೊಂದು ದಿನ ಚೂರು ಬಾಯಿಗಿಟ್ಟುಕೊಂಡ ಮುದುಕಿ ಕೆಂಚವ್ವನ ಮುಖ ನೋಡುತ್ತಲೇ ಅದನ್ನು ನುಂಗಿಬಿಟ್ಟಳು. ಅದು ಅರ್ಧಕ್ಕೇ ಸಿಕ್ಕಿಕೊಂಡಿತು. ಕೆಂಚವ್ವ ಬೆನ್ನಿಗೆ ಗುದ್ದಿದಳು, ಬಾಯಿಗೆ ಬೆರಳು ಹಾಕಿದಳು. ಚೂರು ರಕ್ತದ ಜೊತೆ ಹೊರಗೆ ಬಂತು. ಆದರೆ ಆಮೇಲೆ ನೀರು ಸಹ ಇಳಿಯಲಿಲ್ಲ. ಸುದ್ದಿ ಮುಟ್ಟಿ ಭರಮಪ್ಪ ಓಡಿ ಬಂದ ಮರುದಿನವೇ ಪ್ರಾಣ ಹೋಯಿತು.

ಮಣ್ಣು ಮಾಡಿ ಬಂದ ಮೇಲೆ, ಅಣ್ಣಿಗೇರಿಯಿಂದ ಬಂದಿದ್ದ ಮುದುಕಿಯ ಮಗಳು ದೇವಕ್ಕ ಕಟ್ಟೆಯ ಮೇಲೆ ಕೂತು ಕೇಳಿದಳು. "ಕಡೀಕ ಏನ ತಿಂದಳು ನಮ್ಮವ್ವ?"

ಆಲೂಗಡ್ಡಿ ಅಂದಿದ್ದರೆ ಮುಗಿಯುತ್ತಿತ್ತು. ಕೆಂಚವ್ವ ಹಾಗನ್ನಲಿಲ್ಲ.

"ತಾಲಿಪಟ್ಟಿ, ಅಕ್ಕಾ. ನಾನ ಕೊಟ್ಟೆ."

ದೇವಕ್ಕ ಅವಳ ಮೈ ಮುಖ ನೋಡಿದಳು. ಎರಡು ತಿಂಗಳಲ್ಲಿ ಕೆಂಚವ್ವನ ಕೆನ್ನೆ ತುಂಬಿಕೊಂಡಿತ್ತು. "ನಮ್ಮವ್ವ ಉಪಾಸ ಸಾಯಾಕತ್ತಿದ್ಳು, ನೀ ಎಣ್ಣಿ ಬಿಟ್ಟು ಬೇಯ್ಸಿ ತಿಂದಿ" ಅಂದಳು. ದನಿ ಏರಿಸಲಿಲ್ಲ. ಅದೇ ಸಂಜೆಯ ಬಸ್ಸಿಗೆ ಹೊರಟಳು. ಮುಂದೆಂದೂ ಆ ಮನೆಯಲ್ಲಿ ನೀರು ಮುಟ್ಟಲಿಲ್ಲ.

ದಿನಕರ್ಮ ಮುಗಿಸಿ ಕುರಿ ಕಡೆ ಹೊರಟ ಭರಮಪ್ಪ ಬಾಗಿಲಲ್ಲಿ ನಿಂತ.

"ತಾಲಿಪಟ್ಟಿ ಅವ್ವ ತಾನ ಬೇಡಿದ್ಳೇನ?"

"ಹೌದ್ರಿ."

"ನುಂಗಿದ್ದು?"

"ನನ್ನ ನೋಡ್ಕೋತನ ನುಂಗಿದ್ರು."

ಅವನು ಕಂಬಳಿ ಹೆಗಲಿಗೇರಿಸಿಕೊಂಡು, "ಆತು ಬಿಡು" ಅಂದು ನಡೆದ. ಕೆಂಚವ್ವ ಒಳಗೆ ಬಂದು ಒಲೆ ಹೊತ್ತಿಸಿದಳು. ಅತ್ತೆ ಇಡುತ್ತಿದ್ದಷ್ಟೇ ಎರಡು ರೊಟ್ಟಿ ಬಡಿದಳು, ಒಂದನ್ನೇ ತಿಂದಳು.