ಮೊದಲು ಒಣಗಿದ ಜಾಗ

ಕೈಯಲ್ಲಿದ್ದ ಕೆಲಸ ಸ್ವಲ್ಪ ಬದಿಗಿಟ್ಟು ಇದನ್ನು ಪೂರ್ತಿ ಕೇಳಿ. ನಡುವೆ ಎದ್ದು ಹೋಗಬೇಡಿ, ಯಾಕೆಂದರೆ ಕೊನೆಗೆ ನಿಮ್ಮನ್ನೇ ಒಂದು ಮಾತು ಕೇಳುವುದಿದೆ.

ಗೋಕಾಕದ ನಬಿಲಾಲ ಗವಂಡಿ. ಗೋಡೆಗೆ ಗಿಲಾವು, ಅಂದರೆ ಪ್ಲಾಸ್ಟರು ಮಾಡುವುದು, ಬಿರುಕು ಮುಚ್ಚುವುದು, ಉಬ್ಬಿದ್ದನ್ನು ಕೆಡವಿ ಹೊಸದು ಮೆತ್ತುವುದು ಅವನ ಕಸುಬು. ಆದರೆ ಜನ ಅವನನ್ನು ಕರೆಯುತ್ತಿದ್ದದ್ದು ಅವನ ಕೈ ನೋಡಿ ಅಲ್ಲ, ಕಿವಿ ನಂಬಿ. ಗಾರೆ ಮೆತ್ತುವ ಥಾಪಿಯ ಹಿಡಿಕೆಯಿಂದ ಗೋಡೆಯನ್ನು ಬಡಿಯುತ್ತಾ ಹೋದರೆ ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಒಳಗೆ ಪೊಳ್ಳಾಗಿದ್ದರೆ ಡಬ್ ಅನ್ನುತ್ತದೆ. ಇಷ್ಟು ಯಾರಿಗಾದರೂ ಗೊತ್ತಾಗುತ್ತದೆ. ನಬಿಲಾಲನಿಗೆ ಆ ಎರಡರ ನಡುವಿನ ಹತ್ತು ಸದ್ದು ಗೊತ್ತಾಗುತ್ತಿದ್ದವು. ನಮ್ಮ ಕಡೆ ಹಳೇ ಕಲ್ಲು-ಮಣ್ಣಿನ ಗೋಡೆಗೆ ಮೇಲೆ ಸಿಮೆಂಟು ಮೆತ್ತಿಸಿಕೊಂಡವರು ಓಣಿಗೆ ಹತ್ತು ಮಂದಿ. ಆ ಸಿಮೆಂಟು ವರ್ಷವಿಡೀ ಬಿಸಿಲಿಗೆ ಕಾದು, ರಾತ್ರಿ ತಣಿದು, ಸದ್ದಿಲ್ಲದೆ ಗೋಡೆ ಬಿಟ್ಟು ನಿಂತಿರುತ್ತದೆ. ಹೊರಗಿನಿಂದ ನೋಡಿದರೆ ನುಣ್ಣಗೆ, ಹೊಸ ಬಣ್ಣ. ಬಿದ್ದಾಗಲೇ ಗೊತ್ತು. ಹಾಗಾಗಿ ಹಳೇ ಮನೆ ಕೊಳ್ಳುವವರು, ಮದುವೆಗೆ ಮನೆ ಬಳಿಯುವವರು, "ಮೊದಲ ನಬಿಲಾಲನ ಕಡೆಯಿಂದ ಬಡಸ್ರಿ" ಅನ್ನುತ್ತಿದ್ದರು.

ಮಗಳು ಸಾಹಿರಾ, ಇಪ್ಪತ್ಮೂರು. ಐದು ವರ್ಷದಿಂದ ಅಪ್ಪನ ಜೊತೆ ಏಣಿ ಹತ್ತುತ್ತಿದ್ದಾಳೆ. "ಹೆಣ್ಣುಡುಗಿ ಗವಂಡಿ ಆದಳಲ್ಲೋ" ಅಂದವರಿಗೆ "ಗ್ವಾಡಿಗೆ ಗೊತ್ತಾಗಂಗಿಲ್ರೀ" ಅನ್ನುತ್ತಾಳೆ.

ಏಪ್ರಿಲ್ ತಿಂಗಳ ಒಂದು ಶನಿವಾರ. ಹತ್ತರಗಿಯಲ್ಲಿ ಹೆದ್ದಾರಿಗೆ ಅಂಟಿಕೊಂಡಂತಿರುವ ಮಾಲಿಂಗನ ಮನೆಯಲ್ಲಿ ಅವನ ಮಗಳು ಸುಮನಳ ನಿಶ್ಚಿತಾರ್ಥ. ಹತ್ತು ದಿನದ ಹಿಂದಷ್ಟೇ ಆ ಮನೆಯ ಮುಂಗೋಡೆಯನ್ನು ದುರಸ್ತಿ ಮಾಡಿ, ಸುಣ್ಣಕ್ಕೆ ಹಳದಿ ಕಲಸಿ ಬಳಿದುಕೊಟ್ಟದ್ದು ನಬಿಲಾಲನೇ. ಬಡಿದು ನೋಡುವ ದಿನ ಸಾಹಿರಾ ಜ್ವರ ಬಂದು ಮಲಗಿದ್ದಳು. ಅಪ್ಪ ಒಬ್ಬನೇ ಹೋಗಿ, ಪೊಳ್ಳು ಇರುವಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆದು ಬಂದಿದ್ದ. ಆ ಗೆರೆಯೊಳಗಿನದನ್ನಷ್ಟೇ ಕೆಡವಿ ಹೊಸದು ಮೆತ್ತಿದ್ದರು. ಅದೇ ವಾರ ಕೌಜಲಗಿಗೂ ಒಬ್ಬನೇ ಹೋಗಿದ್ದ. ಅಲ್ಲಿ ಯಲ್ಲಾರಿ ಎಂಬವರು ತಮ್ಮ ಹಳೇ ಮನೆಯಲ್ಲಿ ಸಣ್ಣ ಮಕ್ಕಳ ಬಾಲವಾಡಿ ಶುರು ಮಾಡುವವರಿದ್ದರು. ಗೋಡೆಯೆಲ್ಲ ಬಡಿದು ನೋಡಿ "ಘಟ್ಟಿ ಐತಿ" ಅಂದು ಬಂದಿದ್ದ.

ಅಪ್ಪ-ಮಗಳು ಆವತ್ತು ಬಂದದ್ದು ಊಟಕ್ಕೆ. ಆದರೆ ಅಂಗಳಕ್ಕೆ ಕಾಲಿಟ್ಟ ಕೂಡಲೇ ಮಾಲಿಂಗನ ಹೆಂಡತಿ ಕಾಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ಬಂದಳು.

"ಸಾಹಿರಾ, ಛಲೋ ಆತು ಬಂದಿ ನೋಡವಾ. ಪೆಂಡಾಲದವರು ಬಾಗಲ ಮ್ಯಾಲೆ ಇಷ್ಟುದ್ದ ಮೊಳಿ ಹೊಡದು, ಆಮ್ಯಾಲೆ ಬ್ಯಾಡಾತು ಅಂತ ಕಿತ್ತಾರ. ಹೊಸ ಬಣ್ಣದಾಗ ಕಣ್ಣ ಕಿತ್ತಂಗ ಕಾಣತೈತಿ. ಒಂಚೂರು ಮುಚ್ಚ."

ಬಾಗಿಲ ಪಕ್ಕದಲ್ಲೇ ಗೋಡೆಗೆ ಬೆನ್ನು ಹಚ್ಚಿ ವೇದಿಕೆ ಇತ್ತು. ಅದರ ಮೇಲೆ ಕೆಂಪು ಮಖಮಲ್ಲಿನ ಎರಡು ದೊಡ್ಡ ಕುರ್ಚಿ, ಹುಡುಗ-ಹುಡುಗಿಗೆ. ಪೆಂಡಾಲಿನ ಬಟ್ಟೆ ಗೋಡೆಯಿಂದ ಮಾರುದ್ದ ಈಚೆಗೇ ನಿಂತಿತ್ತು. ಹಳದಿ ಗೋಡೆ ಫೋಟೋದಲ್ಲಿ ಚಂದ ಬರಲಿ ಅಂತ.

ಸಾಹಿರಾ ಸ್ಕೂಟಿಯಲ್ಲಿದ್ದ ಕೆಲಸದ ಚೀಲ ತಂದು, ಏಣಿ ಹತ್ತಿ ಮೊಳೆಯ ತೂತಿಗೆ ಸುಣ್ಣದ ಗಾರೆ ತುಂಬಿ ಒತ್ತಿದಳು. ಕೆಲಸ ಮುಗಿದ ಮೇಲೆ ಥಾಪಿಯ ಹಿಡಿಕೆಯಿಂದ ಒಂದೆರಡು ಏಟು ಬಡಿಯುವುದು ಅವಳ ರೂಢಿ. ಬಡಿದಳು.

ಡಬ್.

ಒಂದು ಮೊಳ ಪಕ್ಕಕ್ಕೆ. ಡಬ್. ಇನ್ನೂ ಪಕ್ಕಕ್ಕೆ, ಕೈ ಚಾಚುವಷ್ಟು ದೂರ. ಡಬ್, ಡಬ್. ಮೇಲೆ ತಾರಸಿಯ ಅಂಚಿನವರೆಗೂ ಅದೇ. ಒಂದು ಬಾಜಿನಷ್ಟು, ಮಂಚದಷ್ಟು ಅಗಲದ ಗಿಲಾವು, ಎರಡು ಬೆರಳು ದಪ್ಪ, ಬರೀ ಅಂಚಿನ ಹಿಡಿತದ ಮೇಲೆ ನಿಂತಿತ್ತು. ಕೆಳಗೆ ನೋಡಿದಳು. ನೇರ ಕೆಳಗೆ ಕೆಂಪು ಕುರ್ಚಿಗಳು.

"ಅಬ್ಬಾ, ಒಂಚೂರು ಮ್ಯಾಲ ಬರ್ರಿ," ಅಂತ ಅಪ್ಪನನ್ನು ಕರೆದಳು.

ನಬಿಲಾಲ ಏಣಿ ಹತ್ತಿ, ಅವಳ ಕೈಯಿಂದ ಥಾಪಿ ತಗೊಂಡು ಬಡಿದ. ಸಾಹಿರಾ ಗೋಡೆ ನೋಡಲಿಲ್ಲ, ಅಪ್ಪನ ಎಡ ಹುಬ್ಬು ನೋಡಿದಳು. ಪೊಳ್ಳು ಸದ್ದು ಬಂದರೆ ಆ ಹುಬ್ಬು ತಾನಾಗಿ ಮೇಲೇಳುತ್ತದೆ. ಸಣ್ಣವಳಿದ್ದಾಗ ಅದನ್ನು ನೋಡಿ ನಗುತ್ತಿದ್ದಳು. ನಬಿಲಾಲ ಡಬ್ ಅನ್ನುವಲ್ಲಿ ಬಡಿದ, ಟಣ್ ಅನ್ನುವಲ್ಲಿ ಬಡಿದ, ಮತ್ತೆ ಡಬ್ ಅನ್ನುವಲ್ಲಿ ಬಡಿದ. ಹುಬ್ಬು ಏಳಲಿಲ್ಲ.

"ಘಟ್ಟಿ ಐತಿ. ಇಳಿ."

ಆಗ ಅವಳಿಗೆ ಎಲ್ಲ ಒಮ್ಮೆಲೇ ತಿಳಿಯಿತು. ಮನೆಯಲ್ಲಿ ಟಿವಿ ಜೋರಾದದ್ದು, ಮಾತಾಡುವಾಗ ಅಪ್ಪ ಎದುರಿಗೇ ಬಂದು ಬಾಯಿ ನೋಡುತ್ತಾ ನಿಲ್ಲುವುದು, ವರ್ಷಗಟ್ಟಲೆ ಕಾಂಕ್ರೀಟು ಒಡೆಯುವ ಮಷಿನ್ನಿನ ಮುಂದೆ ಬರೀ ಕಿವಿಯಲ್ಲಿ ನಿಂತದ್ದು. ಅಪ್ಪನಿಗೆ ಈಗ ಟಣ್ ಮತ್ತು ಡಬ್ ಎರಡೂ ಒಂದೇ. ಮತ್ತು ಅದು ಅಪ್ಪನಿಗೆ ಗೊತ್ತಿದೆ.

ಅವಳು ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಅಂದಳು, "ಅಬ್ಬಾ, ಪೊಳ್ಳೈತಿ."

ನಬಿಲಾಲ ತಲೆ ಆಡಿಸಿ ಮುಗುಳ್ನಕ್ಕ. ಕೇಳಿಸದವರು ನಗುವ ನಗೆ.

ಇದೇ ನೋಡಿ ಅವಳ ಕಷ್ಟ. ಮೆಲ್ಲಗೆ ಹೇಳಿದರೆ ಅಪ್ಪನಿಗೆ ಕೇಳುವುದಿಲ್ಲ. ಕೇಳುವಷ್ಟು ಜೋರಾಗಿ ಹೇಳಿದರೆ ಅಂಗಳದಲ್ಲಿದ್ದ ಐವತ್ತು ಮಂದಿಗೂ ಕೇಳುತ್ತದೆ. ಆಮೇಲೆ ಗೋಕಾಕದಿಂದ ಹುಕ್ಕೇರಿವರೆಗೆ ನಬಿಲಾಲನ ಕಿವಿಯನ್ನು ಯಾರು ನಂಬಬೇಕು?

ಒಳಗಿನಿಂದ ಮಾಲಿಂಗ ಫೋನು ಹಿಡಿದೇ ಬಂದ. "ಮೂಡಲಗಿಯವರು ಗೋಕಾಕ ದಾಟಿ ಭಾಳ ಹೊತ್ತಾತಂತ! ಚಹಾದ ನೀರು ಇಡ್ರೇ!"

"ಕಾಕಾ," ಸಾಹಿರಾ ಏಣಿಯಿಂದ ಇಳಿದು ಅವನ ಮುಂದೆ ನಿಂತಳು. "ಆ ಕುರ್ಚಿ ಒಂಚೂರು ಆ ಬೇವಿನ ಗಿಡದ ಕಡೆ ಇಡೂಣೇನ್ರಿ? ಇಲ್ಲಿ ಬಿಸಲು."

"ಬಿಸಲು ಇರಲಿ ಬಿಡ. ಆ ಗ್ವಾಡಿ ಸಲುವಾಗೇ ಇಷ್ಟ ಖರ್ಚ ಮಾಡೇನಿ, ಅದನ್ನ ಬಿಟ್ಟ ಗಿಡದ ಬುಡಕ ಫೋಟೋ ತಗಸ್ಲೇನ? ಏನ್ ನಬಿಲಾಲ, ಘಟ್ಟಿ ಐತಿಲ್ಲೊ ನಮ್ಮ ಗ್ವಾಡಿ?"

ನಬಿಲಾಲ ಅವನ ಬಾಯಿ ನೋಡುತ್ತಿದ್ದ. "ಕಲ್ಲಿದ್ದಂಗ ಐತಿ ಮಾಲಿಂಗಣ್ಣ."

ಹೆದ್ದಾರಿಯಲ್ಲಿ ಒಂದು ಕಬ್ಬಿಣದ ಲಾರಿ ಹೋಯಿತು. ನೆಲ ನಡುಗಿತು. ಮುಚ್ಚಿದ ಮೊಳೆಯ ತೂತಿನ ಅಂಚಿನಿಂದ ಒಂದು ಚಿಟಿಕೆ ಮರಳು ಸುರಿದು ಕೆಂಪು ಕುರ್ಚಿಯ ತೋಳಿನ ಮೇಲೆ ಬಿತ್ತು. ಸಾಹಿರಾ ಬಿಟ್ಟು ಯಾರೂ ನೋಡಲಿಲ್ಲ.

ಹೊಸ ಗಿಲಾವಿಗೆ ಏಳು ದಿನ ಮೂರು ಹೊತ್ತು ನೀರು ಹೊಡೆಯುವುದು ಯಾವಾಗಲೂ ಸಾಹಿರಾಳ ಪಾಲು. ಹಾಗೆ ನೀರು ಹೊಡೆದು ಹೊಡೆದು ಅವಳು ಒಂದು ವಿಷಯ ಕಂಡುಕೊಂಡಿದ್ದಳು, ಅಪ್ಪನಿಗೂ ಹೇಳಿರಲಿಲ್ಲ. ಗೋಡೆಗೆ ಹತ್ತಿಕೊಂಡ ಗಿಲಾವು ನಿಧಾನ ಒಣಗುತ್ತದೆ, ಹಿಂದಿನ ಗೋಡೆ ತಂಪು ಕೊಡುತ್ತಿರುತ್ತದೆ. ಗೋಡೆ ಬಿಟ್ಟದ್ದಕ್ಕೆ ಹಿಂದೆ ಯಾರೂ ಇಲ್ಲ. ಅದು ಬೇಗ ಕಾಯುತ್ತದೆ, ಮೊದಲು ಒಣಗುತ್ತದೆ.

ಅವಳು ಹಿತ್ತಲಿಗೆ ಓಡಿ ಮೋಟರು ಹಚ್ಚಿ, ಪೈಪು ಎಳೆದುಕೊಂಡು ಬಂದು ಮುಂಗೋಡೆಗೆ ಮೇಲಿನಿಂದ ಕೆಳಗೆ ನೀರು ಬಿಟ್ಟಳು.

"ಅಯ್ಯ ಶಿವನ! ಏನ್ ಮಾಡಾಕತ್ತಿಯೇ ಹುಡುಗಿ?" ಕಾಡವ್ವ ಬಾಯಿ ಬಾಯಿ ಬಡಿದುಕೊಂಡಳು. "ಕುರ್ಚಿ ತೋಯ್ಸಿದಿ, ಹೂವ ತೋಯ್ಸಿದಿ!"

"ರೋಡಿನ ಧೂಳ ಕುಂತೈತ್ರಿ ಕಾಕು. ಫೋಟೋದಾಗ ಬಣ್ಣ ಎದ್ದ ಕಾಣಬೇಕಲ್ರಿ."

"ಹುಚ್ಚ ಹಿಡದೈತಿ ಇಕಿಗೆ. ಬೀಗರು ಬರೂ ಹೊತ್ತಿನ್ಯಾಗ ಗ್ವಾಡಿಗೆ ಜಳಕ ಮಾಡಸ್ತಾಳ!"

ಯಾರೋ ನಕ್ಕರು. ಮಾಲಿಂಗ ಪೈಪು ಕಿತ್ತುಕೊಂಡ. ಆದರೆ ಗೋಡೆ ಅಷ್ಟರಲ್ಲಿ ಪೂರ್ತಿ ನೆನೆದು, ಅರಿಸಿನ ಕಲಸಿದಂತೆ ಗಾಢ ಹಳದಿಯಾಗಿತ್ತು. ಸಾಹಿರಾ ನೀರು ತೊಟ್ಟಿಕ್ಕುವ ಕೈಯಲ್ಲೇ ನಿಂತಳು. ಬಿಸಿಲು ಗೋಡೆಯ ಮೇಲೆ ನೇರ ಬಿದ್ದಿತ್ತು. ಒಂದು ನಿಮಿಷ, ಎರಡು ನಿಮಿಷ, ಏನೂ ಇಲ್ಲ. ಪೂರ್ತಿ ಗೋಡೆ ಒಂದೇ ಬಣ್ಣ. ನನ್ನ ಕಿವಿಯೇ ತಪ್ಪಿತೇ? ಅಂದುಕೊಂಡಳು. ಹೌದಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಮಾಲಿಂಗನ ಫೋನು ಮತ್ತೆ ಹೊಡೆದುಕೊಂಡಿತು. "ಯಮಕನಮರಡಿ ದಾಟ್ಯಾರ!"

ಆಗ ಬಾಗಿಲ ಮೇಲೆ ಒಂದು ಅಂಗೈಯಷ್ಟು ಜಾಗ ತಿಳಿಯಾಯಿತು. ಅದು ಅಗಲವಾಯಿತು. ನೋಡನೋಡುತ್ತ ನೆನೆದ ಗೋಡೆಯ ನಡುವೆ, ಹಾಸಿದ ಕೌದಿಯಂತೆ, ಒಣಗಿದ ಹಳದಿಯ ಒಂದು ದೊಡ್ಡ ತುಂಡು ಎದ್ದು ಕಂಡಿತು. ಅಂಚು ಗೆರೆ ಕೊರೆದಂತೆ ಸ್ಪಷ್ಟ.

ಅವಳು ಅಪ್ಪನ ತೋಳು ಮುಟ್ಟಿ, ಮಾತಾಡದೆ, ಮೇಲೆ ಕೈ ತೋರಿಸಿದಳು.

ನಬಿಲಾಲ ನೋಡಿದ. ನಲವತ್ತು ವರ್ಷ ಗೋಡೆಯ ಜೊತೆ ಬದುಕಿದವನಿಗೆ ಅದನ್ನು ಓದಲು ಯಾರೂ ಹೇಳಿಕೊಡಬೇಕಿರಲಿಲ್ಲ. ಅವನ ಎಡ ಹುಬ್ಬು ಮೇಲೆದ್ದಿತು. ಆಮೇಲೆ ತಿರುಗಿ ಮಗಳ ಮುಖ ನೋಡಿದ. ಅವಳಿಗೆ ಗೊತ್ತಾಗಿದೆ ಅನ್ನುವುದು ಅವನಿಗೆ ಗೊತ್ತಾಯಿತು.

"ಹಾತೋಡಿ ತಗೊಂಡ ಬಾ," ಅಂದ.

"ಏನ ಹಾತೋಡಿ? ಯಾಕ ಹಾತೋಡಿ?" ಮಾಲಿಂಗ ಏಣಿಗೆ ಅಡ್ಡ ನಿಂತ.

"ಕೆಡವಬೇಕು ಮಾಲಿಂಗಣ್ಣ. ಗ್ವಾಡಿ ಬಿಟ್ಟೈತಿ."

"ಈಗಿನ್ನ ಕಲ್ಲಿದ್ದಂಗ ಐತಿ ಅಂದಿ!"

"ಅಂದೆ. ತಪ್ಪಾತು."

"ನಬಿಲಾಲ, ಕಾಲಿಗೆ ಬೀಳ್ತೇನಿ. ಮೂರ ತಾಸು. ಸಾಕರಪುಡಿ ಶಾಸ್ತ್ರ ಮುಗಿಯೂತನಾ ಮೂರ ತಾಸು ನಿಂದ್ರಂಗಿಲ್ಲೇನ ಅದು? ಶುಭಕಾರ್ಯದ ದಿವಸ ಮುಂಗ್ವಾಡಿ ಕೆಡವಿದ್ರ ಬೀಗರು ಏನಂದಾರು? ನನ್ನ ಮಗಳ ಸಂಬಂಧ ಮುರದ್ರ ನೀ ಕಟ್ಟಿ ಕೊಡ್ತಿಯೇನ?"

"ಆ ಕುರ್ಚಿ ಮ್ಯಾಲೆ ಕೂಡಾಕಿ ಯಾರ ಮಗಳು, ಮಾಲಿಂಗಣ್ಣ?"

ರಸ್ತೆಯ ತಿರುವಿನಲ್ಲಿ ಹಾರ್ನು ಕೇಳಿತು. ಹೂವು ಕಟ್ಟಿದ ಎರಡು ಟೆಂಪೊ ಸರ್ವಿಸ್ ರಸ್ತೆಗೆ ಇಳಿಯುತ್ತಿದ್ದವು. ಮಾಲಿಂಗ ಆ ಕಡೆ ಕತ್ತು ತಿರುಗಿಸಿದ ಅಷ್ಟೇ ಹೊತ್ತಿನಲ್ಲಿ ನಬಿಲಾಲ ಏಣಿಯನ್ನು ಒಣಗಿದ ಜಾಗದಿಂದ ಆಚೆ ಸರಿಸಿ, ಮಗಳು ತಂದ ಸುತ್ತಿಗೆ ಹಿಡಿದು ನಾಲ್ಕು ಮೆಟ್ಟಿಲು ಏರಿದ್ದ.

"ಎಲ್ಲಾರೂ ಸರೀರಿ! ಸರೀರಿ!" ಸಾಹಿರಾ ಕೂಗುತ್ತಾ ಹೂವಿನ ಬುಟ್ಟಿ ಹಿಡಿದು ನಿಂತಿದ್ದ ಮುದುಕಿಯನ್ನು ಎಳೆದುಕೊಂಡು ಹಿಂದೆ ಹೋದಳು.

ಒಂದೇ ಏಟು. ನಿಜವಾಗಿ ಅಷ್ಟೂ ಬೇಕಿರಲಿಲ್ಲ. ಬಾಜಿನಷ್ಟಗಲದ ಗಿಲಾವು ಒಂದೇ ತುಂಡಾಗಿ, ಬಾಗಿಲು ತೆರೆದಂತೆ ಮೇಲಿನಿಂದ ಮುಂದಕ್ಕೆ ಬಾಗಿ, ಕುರ್ಚಿಗಳ ಮೇಲೆ ಬಿತ್ತು. ಕೆಂಪು ಕುರ್ಚಿಯೊಂದರ ಬೆನ್ನು ಮುರಿದು ಎರಡಾಯಿತು. ಧೂಳು ಅಂಗಳ ತುಂಬಿತು.

ಟೆಂಪೊದಿಂದ ಮೊದಲು ಇಳಿದವಳು ಹುಡುಗನ ಅಜ್ಜಿ ಗೌರಕ್ಕ. ಸೆರಗಿನಿಂದ ಮೂಗು ಮುಚ್ಚಿಕೊಂಡು, ಮುರಿದ ಕುರ್ಚಿ ನೋಡಿ, ಕಲ್ಲು ಬಿಟ್ಟುಕೊಂಡ ಗೋಡೆ ನೋಡಿ, ಕೊನೆಗೆ ಬಿಳಿಚಿಕೊಂಡು ನಿಂತ ಮಾಲಿಂಗನನ್ನು ನೋಡಿದಳು.

"ಏನ್ರೀ ಬೀಗರ, ಬಾಗಲ ಸಾಲೂದಿಲ್ಲ ಅಂತ ಗ್ವಾಡಿನ ಒಡದ ಕರಕೋತೀರೇನ?"

ನಗಬೇಕೋ ಅಳಬೇಕೋ ಯಾರಿಗೂ ತಿಳಿಯಲಿಲ್ಲ. ಕಾಡವ್ವ ಅತ್ತೇಬಿಟ್ಟಳು. ನಡೆದದ್ದು ಕೇಳಿದ ಮೇಲೆ ಗೌರಕ್ಕ ಮುರಿದ ಕುರ್ಚಿಯ ಮೇಲೆ ಕೈ ಇಟ್ಟಳು. "ನಮ್ಮ ಹುಡುಗ ಕೂಡೂದು ಯಾವುದ್ರಾಗಿತ್ತು, ಇದ್ರಾಗೇನು?" ಅಂದಳು. ಆಮೇಲೆ, "ಏಳ್ರಿ, ಬೇವಿನ ಗಿಡದ ಬುಡಕ ಕಂಬಳಿ ಹಾಸ್ರಿ" ಅಂದಳು.

ಉಂಗುರ ಹಾಕಿದ್ದಾಯಿತು, ಊಟಕ್ಕೆ ಕೂತದ್ದೂ ಆಯಿತು. ಮಾಲಿಂಗ ಬಂದು ನಬಿಲಾಲನನ್ನು ತಬ್ಬಿಕೊಂಡ. "ನಿನ್ನ ಕಿವಿ ಅಂದ್ರ ಕಿವಿ ನೋಡಪಾ! ಕಡೇ ಗಳಿಗ್ಯಾಗ ಕೇಳಸ್ಕೊಂಡ್ಯಲ್ಲೋ!" ಪಂಕ್ತಿಯಲ್ಲಿದ್ದವರೆಲ್ಲ ಹೌದು ಹೌದು ಅಂದರು. ನಬಿಲಾಲ ಎದೆಗೆ ಕೈ ಹಚ್ಚಿ ತಲೆ ಬಾಗಿಸಿದ. ಸಾಹಿರಾ ಎಲೆಯ ಮೇಲಿನ ಬೂಂದಿಯನ್ನು ಒಂದೊಂದೇ ಕಾಳು ಎತ್ತುತ್ತಿದ್ದಳು.

ಅಷ್ಟರಲ್ಲಿ ಎದುರು ಸಾಲಿನಿಂದ ಒಬ್ಬರು ದನಿ ಎತ್ತಿದರು. ಕೌಜಲಗಿಯ ಯಲ್ಲಾರಿ, ಹುಡುಗನ ಕಡೆಯ ನೆಂಟರು.

"ನಾ ಅಂತೂ ಆರಾಮಾದೆ ನೋಡ್ರಿ ನಬಿಲಾಲಣ್ಣ. ನಮ್ಮ ಗ್ವಾಡಿನೂ ನೀವ ನೋಡೀರಿ, ಘಟ್ಟಿ ಐತಿ ಅಂದೀರಿ. ಸೋಮವಾರ ಬಾಲವಾಡಿ ಶುರು. ಮೂವತ್ತ ಹುಡುಗರು ಅದಾವು. ಮುಂಜಾನೆ ನೆರಳು ಆ ಹೊರಗ್ವಾಡಿ ಬುಡಕ್ಕ ಬರ್ತೈತಿ, ಅಲ್ಲೇ ಕುಂಡರಸ್ತೇವಿ."

ನಬಿಲಾಲ ಅವರ ಬಾಯಿಯನ್ನೇ ನೋಡುತ್ತಿದ್ದ. ಪೂರ್ತಿ ಅರ್ಥವಾಗಿತ್ತು. ಅವನು ಮಗಳ ಕಡೆ ನೋಡಿದ. ಬೇಡಿಕೊಳ್ಳುವ ನೋಟ ಅದು. ಅವಳು ಹುಟ್ಟಿದಾಗಿನಿಂದ ಅಪ್ಪ ಅವಳ ಮುಂದೆ ಯಾವುದಕ್ಕೂ ಬೇಡಿಕೊಂಡಿರಲಿಲ್ಲ.

ಸಾಹಿರಾ ಎದ್ದು ನಿಂತಳು.

"ಸೋಮವಾರ ಬ್ಯಾಡ್ರಿ ಕಾಕಾ. ಆ ಗ್ವಾಡಿ ಬುಡಕ ಯಾರ್ನೂ ಕುಂಡರಸಬ್ಯಾಡ್ರಿ. ನಮ್ಮ ಅಬ್ಬಾಗ ಈಗ ಪೊಳ್ಳ ಯಾವುದು ಘಟ್ಟಿ ಯಾವುದು ಕೇಳಸಂಗಿಲ್ರಿ. ನಾ ಬಂದು ಮತ್ತ ಬಡದ ನೋಡ್ತೇನಿ."

ಬಡಿಸುತ್ತಿದ್ದವರ ಸೌಟು ನಿಂತಿತು. ಮಾಲಿಂಗ ನಬಿಲಾಲನ ಹೆಗಲ ಮೇಲಿಟ್ಟಿದ್ದ ಕೈ ಮೆಲ್ಲಗೆ ತೆಗೆದ. ನಬಿಲಾಲ ತಲೆ ತಗ್ಗಿಸಿ, ಎಲೆ ಮಡಚಿ ಎದ್ದ.

ವಾಪಸು ಬರುವಾಗ ಸ್ಕೂಟಿ ಸಾಹಿರಾಳೇ ಓಡಿಸಿದಳು. ಹಿಂದೆ ಅಪ್ಪ. ಗೋಕಾಕದ ಹತ್ತಿರ ಬಂದಾಗ, ಬಿಸಿಗಾಳಿಯಲ್ಲಿ, ಅವನ ದನಿ ಬೆನ್ನ ಹಿಂದಿನಿಂದ ಬಂತು.

"ಭಾಳ ಜೋರ ಹೇಳಿದಿ ಬೇಟಾ. ನನಗೂ ಕೇಳ್ತು."

ಅವಳು ಕನ್ನಡಿಯಲ್ಲಿ ನೋಡಿದಳು. ಅಪ್ಪ ಮುಖ ಹೊಲದ ಕಡೆ ತಿರುಗಿಸಿಕೊಂಡಿದ್ದ.

ಮರುದಿನ ಭಾನುವಾರ ಅವಳು ಕೌಜಲಗಿಗೆ ಹೋಗಿ ಆ ಗೋಡೆ ಬಡಿದು ನೋಡಿದಳು. ಎರಡು ಕಡೆ ಡಬ್ ಅಂದಿತು. ನಬಿಲಾಲ ಜೊತೆಗೆ ಹೋಗಲಿಲ್ಲ. ಆಮೇಲೆ ಯಾವ ಗೋಡೆಯನ್ನೂ ಬಡಿಯಲಿಲ್ಲ. ಅವನನ್ನು ಯಾರೂ ಕರೆಯಲೂ ಇಲ್ಲ.

ಈಗ ಹೇಳಿ. ನಡುವೆ ಒಂದು ಭಾನುವಾರ ಇತ್ತಲ್ಲ. ಪಂಕ್ತಿಯಲ್ಲಿ ಬಾಯಿ ಮುಚ್ಚಿಕೊಂಡು, ಮರುದಿನ ಏನೋ ನೆಪ ಹೇಳಿ ಹೋಗಿ, ಸದ್ದಿಲ್ಲದೆ ಆ ಗೋಡೆ ಬಡಿದು ಬಂದಿದ್ದರೆ ಮಕ್ಕಳೂ ಉಳಿಯುತ್ತಿದ್ದರು, ಅಪ್ಪನ ಹೆಸರೂ ಉಳಿಯುತ್ತಿತ್ತು. ಮುಂದಿನ ಗೋಡೆಗೆ ಅಪ್ಪ ಮತ್ತೆ ಒಬ್ಬನೇ ಹೋಗುತ್ತಿದ್ದ, ಅದೂ ಖರೆ. ಆ ಊಟದ ಸಾಲಿನಲ್ಲಿ, ಆ ನೋಟದ ಎದುರಿಗೆ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?